ಯುದ್ಧಾನಂತರದ ಜಪಾನಿನಲ್ಲಿ ಒಂದು ಕ್ರೈಸ್ತ ವಿಶ್ವವಿದ್ಯಾನಿಲಯದ ಸ್ಥಾಪನೆ

ವಿದ್ಯಾಸ್ಥಾನವೊಂದಕ್ಕೆ ಮಂದಿರ, ಗ್ರಂಥಭಂಡಾರ, ಗುರುಶಿಷ್ಯಪರಂಪರೆ ಎಂಬ ಮೂರು ಅಂಗಗಳು ಅವಶ್ಯವೆಂಬುದು ಸರ್ವವಿದಿತವಾದುದು. ಇವುಗಳಲ್ಲದೆ ನಾಲ್ಕನೆಯದಾದ ಅಂಗವೊಂದುಂಟು. ತಾನು ಕಂಡ ಸತ್ಯವನ್ನು ಪ್ರಭುವಿನ ಇದಿರಿನಲ್ಲಿಯೂ ಮರೆಮಾಚದೆ ಹೇಳತಕ್ಕ ಧೈರ್ಯವೂ, ಹಾಗೆ ಹೇಳಿದವನನ್ನು ಉಳಿಸಿಕೊಳ್ಳತಕ್ಕ ಆಶ್ರಯವೂ ಸೇರಿ ಆ ಅಂಗವಾಗುತ್ತದೆ. ಮೊದಲಿನ ಮೂರು ನಷ್ಟವಾದರೆ ಧನದಿಂದಲೂ ಶ್ರಮದಿಂದಲೂ ಮರಳಿ ಪಡೆಯಬಹುದು. ನಾಲ್ಕನೆಯದು ನಷ್ಟವಾದರೆ ಅದನ್ನು ಪಡೆಯುವ ಬಗೆ ಹೇಗೆ? ದ್ವಿತೀಯ ಮಹಾಯುದ್ಧದ ತರುವಾಯ ಜಪಾನುದೇಶದಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕ್ರೈಸ್ತ ವಿಶ್ವವಿದ್ಯಾನಿಲಯದ ಚರಿತ್ರೆಯು ಈ ಪ್ರಶ್ನೆಗೆ ಕೊಟ್ಟ ಒಂದು ಉತ್ತರವಾಗಿದೆ. ಅದರ ಸ್ವರೂಪವನ್ನು ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಬಾಹ್ಯನಷ್ಟದ ವಿಚಾರ. 1943ರ ಶರತ್ಕಾಲದಲ್ಲಿ ಸಾಹಿತ್ಯ, ನ್ಯಾಯಶಾಸ್ತ್ರ ಮೊದಲಾದವನ್ನು ಓದುತ್ತಿದ್ದ ವಿದ್ಯಾರ್ಥಿಗಳಿಗೆ ಸೈನ್ಯಸೇವೆಯಿಂದ ಇದ್ದ ವಿನಾಯಿತಿಯು ರದ್ದಾಯಿತು. ಆ ವರ್ಷದ ಅಕ್ಟೋಬರ್ 21ರಂದು ಟೋಕಿಯೋ ನಗರದ ಕ್ರೀಡಾಂಗಣವೊಂದರಲ್ಲಿ, ಸುರಿಯುವ ಮಳೆಯಲ್ಲಿ, ಸಹಸ್ರಾರು ವಿದ್ಯಾರ್ಥಿಗಳನ್ನು ಸಾಲುಸಾಲಾಗಿ ನಡೆಯಿಸಿ ಯುದ್ಧಕ್ಕೆ ಬೀಳ್ಕೊಟ್ಟರು. 1945ನೆಯ ಮಾರ್ಚ್ 10ರ ರಾತ್ರಿ ಕಳೆಯುವುದರೊಳಗಾಗಿ ಅಗ್ನಿವರ್ಷದಿಂದ ಅದೇ ನಗರದಲ್ಲಿ ಸುಮಾರು ಒಂದು ಲಕ್ಷ ಜನರು ಮಡಿದರು. ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ ಪರಮಾಣುಬಾಂಬಿಗೆ ಆಹುತಿಯಾದುವು. ನಾಗಸಾಕಿಯ ವೈದ್ಯಕೀಯ ಮಹಾವಿದ್ಯಾಲಯವು ಸ್ಫೋಟಸ್ಥಾನಕ್ಕೆ ಸಮೀಪದಲ್ಲಿದ್ದುದರಿಂದ ಅಲ್ಲಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ನೂರಾರು ಮಂದಿ ಅಸುನೀಗಿದರು.

ಆದರೆ ಆಂತರಿಕ ನಷ್ಟವು ಯುದ್ಧಕ್ಕಿಂತಲೂ ಹಿಂದೆಯೇ ಆರಂಭವಾಗಿತ್ತು. 1886ರ ರಾಜಶಾಸನವು ಸಾಮ್ರಾಜ್ಯ ವಿಶ್ವವಿದ್ಯಾನಿಲಯದ ಕರ್ತವ್ಯವನ್ನು ರಾಜ್ಯದ ಅವಶ್ಯಕತೆಗೆ ಅನುಗುಣವಾದ ವಿದ್ಯೆಯನ್ನು ಬೋಧಿಸುವುದೆಂದು ನಿರ್ಣಯಿಸಿತು. 1890ರಲ್ಲಿ ಶಿಕ್ಷಣವನ್ನು ಕುರಿತ ಚಕ್ರವರ್ತಿಯ ಆಜ್ಞಾಪತ್ರವು ಹೊರಟಿತು. ಮರುವರ್ಷವೇ, ಆ ಪತ್ರಕ್ಕೆ ಸಾಕಷ್ಟು ಬಾಗಿ ನಮಸ್ಕರಿಸಲಿಲ್ಲವೆಂಬ ಕಾರಣದಿಂದ ಉಚಿಮುರ ಕಾನ್ಜೋ ಎಂಬ ಕ್ರೈಸ್ತ ಅಧ್ಯಾಪಕರು ತಮ್ಮ ಉದ್ಯೋಗವನ್ನು ಕಳೆದುಕೊಳ್ಳಬೇಕಾಯಿತು. 1933ರಲ್ಲಿ ಕ್ಯೋಟೋ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರಜ್ಞ ತಾಕಿಗಾವ ಯುಕಿತೋಕಿಯವರು ತಮ್ಮ ಅಭಿಪ್ರಾಯಗಳ ನಿಮಿತ್ತ ಪದಚ್ಯುತರಾದರು. 1937ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ಯನೈಹರ ತದಾವೊ ಅವರು ರಾಜ್ಯದ ಯುದ್ಧನೀತಿಯನ್ನು ಟೀಕಿಸಿದ್ದಕ್ಕಾಗಿ ಸ್ಥಾನವನ್ನು ತ್ಯಜಿಸಬೇಕಾಯಿತು. ಹೀಗೆ ಒಬ್ಬೊಬ್ಬರಾಗಿ ಹೊರಬಿದ್ದ ಮೇಲೆ ಉಳಿದವರು ಮೌನವನ್ನೇ ಆಶ್ರಯಿಸಿದುದರಲ್ಲಿ ಆಶ್ಚರ್ಯವೇನು? ಮಂದಿರಗಳು ನಿಂತಿದ್ದುವು, ಅವುಗಳೊಳಗಿನ ಧ್ವನಿಯು ನಿಂತುಹೋಗಿತ್ತು.

ಕ್ರೈಸ್ತ ವಿದ್ಯಾಲಯಗಳಾದರೂ ಈ ವಿಪತ್ತಿನಿಂದ ಪಾರಾದುವೆಂದು ಹೇಳುವುದಕ್ಕಾಗದು. 1875ರಲ್ಲಿ ನೀಜಿಮ ಜೋ ಅವರು ಕ್ಯೋಟೋದಲ್ಲಿ ಸ್ಥಾಪಿಸಿದ ದೋಶಿಶಾ ಆ ದೇಶದ ಪ್ರಖ್ಯಾತವಾದ ಕ್ರೈಸ್ತ ವಿದ್ಯಾಸಂಸ್ಥೆ. ಕೀಟಶಾಸ್ತ್ರದಲ್ಲಿ ಪಂಡಿತರಾದ ಯುವಾಸಾ ಹಾಚಿರೋ ಅವರು 1935ರಲ್ಲಿ ಅದರ ಅಧ್ಯಕ್ಷರಾದರು. ಉಗ್ರರಾಷ್ಟ್ರವಾದಿಗಳ ಒತ್ತಡವು ಹೆಚ್ಚುತ್ತ ಬಂದು, ಅವರು 1937ರಲ್ಲಿ ಆ ಪದವಿಯನ್ನು ಬಿಟ್ಟುಕೊಡಬೇಕಾಯಿತು. 1938ರ ಡಿಸೆಂಬರಿನಲ್ಲಿ ಮದರಾಸಿನ ತಾಂಬರಂನಲ್ಲಿ ನೆರೆದ ಅಂತರರಾಷ್ಟ್ರೀಯ ಕ್ರೈಸ್ತ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಬಂದ ಅವರು, ತರುವಾಯ ಅಮೆರಿಕಕ್ಕೆ ತೆರಳಿ ಯುದ್ಧಕಾಲವನ್ನು ಅಲ್ಲಿಯೇ ಕಳೆದರು. ಇದರಿಂದ ಸ್ಪಷ್ಟವಾಗುವ ಸಂಗತಿ ಒಂದುಂಟು. ಕ್ರೈಸ್ತವೆಂಬ ನಾಮಧೇಯವು ತಾನಾಗಿಯೇ ಯಾವ ವಿದ್ಯಾಸ್ಥಾನಕ್ಕೂ ರಕ್ಷೆಯಾಗಲಾರದು. ಯುದ್ಧಾನಂತರ ಹೊಸದೊಂದು ವಿಶ್ವವಿದ್ಯಾನಿಲಯವನ್ನು ಕಟ್ಟಲು ಹೊರಟವರು ಈ ಪಾಠವನ್ನು ಮರೆಯುವಂತಿರಲಿಲ್ಲ.

ಕ್ರೈಸ್ತರ ವಿವಿಧ ಪಂಗಡಗಳು ಒಟ್ಟುಗೂಡಿ ಉನ್ನತ ವಿದ್ಯಾಪೀಠವೊಂದನ್ನು ಸ್ಥಾಪಿಸಬೇಕೆಂಬ ಆಕಾಂಕ್ಷೆಯು ಜಪಾನಿನಲ್ಲಿ ಯುದ್ಧಕ್ಕೆ ಎಷ್ಟೋ ವರ್ಷಗಳ ಮೊದಲೇ ಇದ್ದಿತು. ಅದಕ್ಕೆ ಹೊಸ ಪ್ರೇರಣೆಯು ಬಂದುದು ಗೆದ್ದವರ ದೇಶದಿಂದ. ಅಮೆರಿಕದ ರಿಚ್ಮಂಡ್ ನಗರದ ಧರ್ಮೋಪದೇಶಕ ಜಾನ್ ಮ್ಯಾಕ್‌ಲೀನ್ ಎಂಬವರು, ಹಿರೋಶಿಮಾದ ವಿನಾಶಕ್ಕೆ ಪ್ರಾಯಶ್ಚಿತ್ತವಾಗಿ ಅದರ ಪುನರ್ನಿರ್ಮಾಣಕ್ಕೆ ಅಮೆರಿಕದ ಕ್ರೈಸ್ತರು ಧನವನ್ನು ಕೂಡಿಸಬೇಕೆಂದು ಕರೆಯಿತ್ತರು. ಆ ಭಾವನೆಯು ಕ್ರಮೇಣ ವಿಶ್ವವಿದ್ಯಾನಿಲಯದ ಸಂಕಲ್ಪದಲ್ಲಿ ಲೀನವಾಯಿತು. 1948ರಲ್ಲಿ ನ್ಯೂಯಾರ್ಕಿನಲ್ಲಿ ಇದಕ್ಕಾಗಿ ಪ್ರತಿಷ್ಠಾನವೊಂದು ಏರ್ಪಟ್ಟಿತು. 1949ರ ಜೂನ್ 15ರಂದು ಫೂಜಿ ಪರ್ವತದ ತಪ್ಪಲಿನ ಗೋತೆಂಬದಲ್ಲಿ ಜಪಾನೀಯ ಮತ್ತು ಅಮೆರಿಕನ್ ಪ್ರತಿನಿಧಿಗಳು ಸಭೆ ಸೇರಿ ವಿಶ್ವವಿದ್ಯಾನಿಲಯದ ಸ್ಥಾಪನೆಯನ್ನು ವಿಧಿವತ್ತಾಗಿ ನಿಶ್ಚಯಿಸಿದರು. ಯುವಾಸಾ ಅವರೇ ಅದರ ಪ್ರಥಮ ಅಧ್ಯಕ್ಷರಾದರು.

ಜಪಾನಿನಲ್ಲಿ ಧನಸಂಗ್ರಹದ ನೇತೃತ್ವವನ್ನು ವಹಿಸಿದವರು ಜಪಾನ್ ಬ್ಯಾಂಕಿನ ಗವರ್ನರಾದ ಇಚಿಮಾದ ಹಿಸಾತೊ ಅವರು. ಅವರು ಕ್ರೈಸ್ತರಲ್ಲ. 15 ಕೋಟಿ ಯೆನ್ನುಗಳನ್ನು ಕೂಡಿಸಬೇಕೆಂಬ ಗುರಿಯನ್ನಿಟ್ಟುಕೊಂಡು ಕಾರ್ಯವು ನಡೆಯಿತು. ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರಾದರೂ ಕ್ರೈಸ್ತರಿಲ್ಲದ ಕಡೆ, ದಾನಿಗಳಲ್ಲಿ ಹೆಚ್ಚಿನವರು ಅನ್ಯಮತಸ್ಥರೇ ಆಗಿದ್ದುದು ಸಹಜ. ಮನೆಮಠಗಳನ್ನು ಕಳೆದುಕೊಂಡು ಅನ್ನಕ್ಕೂ ಕಷ್ಟವಾಗಿದ್ದ ಕಾಲದಲ್ಲಿ ಪರಮತದ ಹೆಸರುಳ್ಳ ವಿದ್ಯಾಲಯಕ್ಕೆ ಜನರು ಕೈಯೆತ್ತಿ ಕೊಟ್ಟರೆಂಬುದನ್ನು ಗಮನಿಸಬೇಕು. ಈ ದ್ರವ್ಯದಿಂದ ಟೋಕಿಯೋ ನಗರದ ಪಶ್ಚಿಮಕ್ಕಿರುವ ಮಿತಾಕದಲ್ಲಿ ವಿಸ್ತಾರವಾದ ಭೂಮಿಯನ್ನು ಕೊಂಡರು.

ಆ ಭೂಮಿಯ ಪೂರ್ವವೃತ್ತಾಂತವು ವಿಚಾರಾರ್ಹವಾಗಿದೆ. ಯುದ್ಧಕಾಲದಲ್ಲಿ ಅದು ನಾಕಾಜಿಮ ವಿಮಾನ ಕಂಪೆನಿಯ ಸಂಶೋಧನಾಲಯವಾಗಿತ್ತು. ಪೆಸಿಫಿಕ್ ಸಾಗರವನ್ನು ದಾಟಿ ಅಮೆರಿಕದ ಮೇಲೆ ಬಾಂಬುಗಳನ್ನು ಕೆಡಹತಕ್ಕ ಆರು ಯಂತ್ರಗಳ ಮಹಾವಿಮಾನವೊಂದನ್ನು ನಿರ್ಮಿಸಬೇಕೆಂಬ ಯೋಜನೆಯನ್ನು ಆ ಕಂಪೆನಿಯು ಹಮ್ಮಿಕೊಂಡಿತ್ತು, ಅದು ಕೈಗೂಡಲಿಲ್ಲ. ಅಲ್ಲಿ ನಿಂತಿದ್ದ ಕಟ್ಟಡವನ್ನು ಕೆಡವದೆ, 1905ರಿಂದ ಜಪಾನಿನಲ್ಲಿ ನೆಲೆಸಿ ಅಲ್ಲಿಯ ಪ್ರಜೆಯೇ ಆಗಿದ್ದ ಶಿಲ್ಪಿ ವಿಲಿಯಂ ಮೆರೆಲ್ ವೋರಿಸ್ ಅವರು ಅದನ್ನು ಪಾಠಮಂದಿರವಾಗಿ ಮಾರ್ಪಡಿಸಿದರು. ಶತ್ರುಸಂಹಾರಕ್ಕೆ ಮೀಸಲಾಗಿದ್ದ ಗೋಡೆಗಳ ನಡುವೆ ಉಭಯ ದೇಶಗಳ ಗುರುಗಳು ಒಂದೇ ಪೀಠದಲ್ಲಿ ಕುಳಿತು ಪಾಠ ಹೇಳುವಂತಾಯಿತು.

ಅಮೆರಿಕದಲ್ಲಿ ಧನಸಂಗ್ರಹಕ್ಕೆ ಸೇನಾಧಿಪತಿ ಮ್ಯಾಕ್‌ಆರ್ಥರನ ಹೆಸರಿನ ಬೆಂಬಲವಿದ್ದರೂ ನಿರೀಕ್ಷಿಸಿದಷ್ಟು ದ್ರವ್ಯವು ಕೂಡಲಿಲ್ಲ. ಆದುದರಿಂದ ಸ್ನಾತಕೋತ್ತರ ಶಾಖೆಗಳನ್ನು ಮುಂದಕ್ಕೆ ಹಾಕಿ, 1952ರಲ್ಲಿ ಭಾಷಾಶಿಕ್ಷಣಶಾಲೆಯನ್ನೂ 1953ರ ಏಪ್ರಿಲಿನಲ್ಲಿ ಒಂದೇ ಒಂದು ಮಹಾವಿದ್ಯಾಲಯವನ್ನೂ ತೆರೆದರು. ಅದರಲ್ಲಿ ಮಾನವಿಕ ವಿದ್ಯೆಗಳು, ಸಮಾಜಶಾಸ್ತ್ರಗಳು, ಪ್ರಕೃತಿಶಾಸ್ತ್ರಗಳು ಎಂಬ ಮೂರು ವಿಭಾಗಗಳಿದ್ದುವು. ವಿದ್ಯಾರ್ಥಿಯು ಯಾವ ವಿಭಾಗಕ್ಕೆ ಸೇರಿದವನಾದರೂ ಉಳಿದವುಗಳ ಪರಿಚಯವನ್ನು ಪಡೆಯಬೇಕು. ಸ್ತ್ರೀಪುರುಷರಿಬ್ಬರಿಗೂ ಆರಂಭದಿಂದಲೇ ಪ್ರವೇಶವಿದ್ದಿತು. ಬೋಧನೆಯು ಜಪಾನೀ, ಇಂಗ್ಲಿಷ್ ಎಂಬ ಎರಡು ಭಾಷೆಗಳಲ್ಲಿ ನಡೆಯಿತು. ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ಶಾಖೆಯು 1957ರಲ್ಲಿ ಆರಂಭವಾಯಿತು.

ಇಲ್ಲಿ ಎರಡು ಆಕ್ಷೇಪಗಳು ಹುಟ್ಟುತ್ತವೆ. ಸೋತ ದೇಶದಲ್ಲಿ ಗೆದ್ದವರ ಆಶ್ರಯದಿಂದ ಗೆದ್ದವರ ಮತದ ವಿದ್ಯಾಲಯವನ್ನು ಕಟ್ಟುವುದು ಇನ್ನೊಂದು ಬಗೆಯ ಆಕ್ರಮಣವಲ್ಲವೆ ಎಂಬುದು ಮೊದಲನೆಯದು. ಇದಕ್ಕೆ ಸಮಾಧಾನವು ಮೇಲಿನ ಸಂಗತಿಗಳಲ್ಲಿಯೇ ಇದೆ. ಭೂಮಿಯು ಜಪಾನೀಯರ ದಾನದಿಂದ ದೊರೆಯಿತು, ಅಧ್ಯಕ್ಷರು ಜಪಾನೀಯರು, ಪಾಠಗಳು ಆರಂಭವಾದುದು 1952ರ ಏಪ್ರಿಲ್ 28ರಂದು ವಿದೇಶೀಯರ ಆಡಳಿತವು ಮುಗಿದು ಒಂದು ವರ್ಷವಾದ ಮೇಲೆ.

ಎರಡನೆಯ ಆಕ್ಷೇಪವು ಇನ್ನೂ ಬಲವಾದುದು. ರಾಜ್ಯದ ಶಾಸನವನ್ನು ತೆಗೆದುಹಾಕಿ ಮತದ ಶಾಸನವನ್ನು ಅದರ ಸ್ಥಾನದಲ್ಲಿ ಕೂರಿಸಿದರೆ ವಿದ್ಯೆಗೆ ಬಿಡುಗಡೆಯೆಲ್ಲಿ? ಪೂರ್ಣಕಾಲದ ಅಧ್ಯಾಪಕರು ಕ್ರೈಸ್ತರಾಗಿರಬೇಕೆಂಬ ನಿಯಮವನ್ನು ಈ ವಿಶ್ವವಿದ್ಯಾನಿಲಯವು ಇಟ್ಟುಕೊಂಡಿತು; ಕ್ರೈಸ್ತಧರ್ಮದ ಪರಿಚಯವು ಪಾಠಕ್ರಮದಲ್ಲಿ ಸೇರಿತು. ಇದು ಸಂಕೋಚವೇ ಹೊರತು ಔದಾರ್ಯವಲ್ಲವೆಂದು ಹೇಳಿದರೆ ಸಂಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಆದರೆ ವಿದ್ಯಾರ್ಥಿಗಳಿಗೆ ಮತದ ನಿರ್ಬಂಧವಿಲ್ಲ. ಪ್ರವೇಶಕಾಲದಲ್ಲಿ ಅವರು ಸಹಿ ಹಾಕತಕ್ಕದ್ದು ಯಾವುದೊಂದು ಮತದ ಸೂತ್ರಕ್ಕೂ ಅಲ್ಲ. 1948ರ ಡಿಸೆಂಬರ್ 10ರಂದು ಸಂಯುಕ್ತರಾಷ್ಟ್ರಸಂಘವು ಅಂಗೀಕರಿಸಿದ ಮಾನವಹಕ್ಕುಗಳ ಸಾರ್ವತ್ರಿಕ ಘೋಷಣೆಯ ತತ್ತ್ವಗಳನ್ನು ಪಾಲಿಸುವೆವೆಂಬ ಪ್ರತಿಜ್ಞೆಗೆ. ಆ ಘೋಷಣೆಯಲ್ಲಿ ವಿಚಾರದ ಮತ್ತು ಅಂತಃಕರಣದ ಸ್ವಾತಂತ್ರ್ಯವೂ ಉಕ್ತವಾಗಿದೆ. 1890ರ ಆಜ್ಞಾಪತ್ರಕ್ಕೆ ತಲೆಬಾಗಬೇಕಾಗಿದ್ದ ದೇಶದಲ್ಲಿ, ಯಾವ ಪತ್ರಕ್ಕೂ ತಲೆಬಾಗದಿರುವ ಹಕ್ಕನ್ನು ಎತ್ತಿಹಿಡಿಯುವ ಪತ್ರಕ್ಕೆ ವಿದ್ಯಾರ್ಥಿಗಳು 1953ರಿಂದ ಸಹಿ ಮಾಡುತ್ತ ಬಂದಿದ್ದಾರೆ. ಅಧ್ಯಾಪಕರನ್ನು ಕುರಿತ ನಿಯಮಕ್ಕೂ ಈ ಪ್ರತಿಜ್ಞೆಗೂ ಇರುವ ತಿಕ್ಕಾಟವನ್ನು ಆ ಸಂಸ್ಥೆಯು ತನ್ನೊಳಗೆಯೇ ಹೊತ್ತು ನಡೆಯಬೇಕಾಗಿದೆ.

ಉನ್ನತ ವಿದ್ಯೆಯ ಪುನರುಜ್ಜೀವನವು ಈ ಒಂದು ಸಂಸ್ಥೆಯಿಂದಲೇ ಆಯಿತೆಂದು ಭಾವಿಸಬಾರದು. 1947ರ ಶಾಲಾಶಿಕ್ಷಣದ ಶಾಸನದಿಂದ ಇಡೀ ವ್ಯವಸ್ಥೆಯು ಬದಲಾಯಿತು. 1949ರಲ್ಲಿ ಹೊಸ ಕ್ರಮದ ವಿಶ್ವವಿದ್ಯಾನಿಲಯಗಳು ದೇಶದ ಎಲ್ಲ ಪ್ರಾಂತಗಳಲ್ಲಿಯೂ ಉದಿಸಿದುವು. ಉಚಿಮುರ ಅವರ ಶಿಷ್ಯರಾದ ನಂಬರ ಶಿಗೆರು ಅವರು 1945ರ ಕೊನೆಯಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು; 1951ರಲ್ಲಿ ಅವರ ತರುವಾಯ ಆ ಪೀಠವನ್ನೇರಿದವರು 1937ರಲ್ಲಿ ಹೊರಹಾಕಲ್ಪಟ್ಟಿದ್ದ ಯನೈಹರ ಅವರೇ. ಯುವಾಸಾ ಅವರೂ ಸ್ವದೇಶಕ್ಕೆ ಹಿಂತಿರುಗಿ, ಒಮ್ಮೆ ಬಿಟ್ಟುಹೋಗಬೇಕಾಗಿದ್ದ ದೋಶಿಶಾದ ಅಧ್ಯಕ್ಷಪದವಿಯನ್ನು 1947ರಲ್ಲಿ ಮತ್ತೆ ವಹಿಸಿದ್ದರು. ಹೊಸ ಕಟ್ಟಡಗಳಿಗಿಂತಲೂ ಹೆಚ್ಚಾಗಿ, ಸತ್ಯವನ್ನಾಡಿ ಸ್ಥಾನವನ್ನು ಕಳೆದುಕೊಂಡವರು ಮರಳಿ ಬಂದು ಕುಳಿತುದರಲ್ಲಿಯೇ ವಿದ್ಯೆಯ ಪುನಃಪ್ರತಿಷ್ಠೆಯು ಕಾಣುತ್ತದೆ. ಮಿತಾಕದ ವಿಶ್ವವಿದ್ಯಾನಿಲಯದ ಬೆಲೆಯನ್ನೂ ಇದೇ ಒರೆಗಲ್ಲಿನಿಂದ ಅಳೆಯತಕ್ಕದ್ದು. ಅದು ಯಾರ ಹೆಸರಿನಲ್ಲಿ ಸ್ಥಾಪಿತವಾಯಿತೆಂಬುದಕ್ಕಿಂತಲೂ, ಒಲ್ಲೆನೆಂದು ಹೇಳುವವನನ್ನು ತನ್ನಲ್ಲಿ ಉಳಿಸಿಕೊಳ್ಳುತ್ತದೆಯೇ ಎಂಬುದು ಮುಖ್ಯವಾದ ಪ್ರಶ್ನೆ. ಈ ಪ್ರಶ್ನೆಯು ಜಪಾನುದೇಶಕ್ಕಾಗಲಿ ಕ್ರೈಸ್ತಮತಕ್ಕಾಗಲಿ ಮಾತ್ರ ಸಂಬಂಧಿಸಿದುದಲ್ಲ. ವಿದ್ಯಾಪೀಠವೆಂಬ ಹೆಸರನ್ನು ಹೊತ್ತ ಸಕಲ ಸಂಸ್ಥೆಗಳಿಗೂ ಅನ್ವಯಿಸತಕ್ಕದ್ದು.