ಪ್ರತಿಕಾಯ ಔಷಧಗಳ ಶುದ್ಧೀಕರಣದಲ್ಲಿ ಮೆಂಬ್ರೇನ್ ತಂತ್ರಜ್ಞಾನ

ಕ್ಯಾನ್ಸರ್, ಸಂಧಿವಾತ ಮೊದಲಾದ ರೋಗಗಳಿಗೆ ನೀಡುವ ಪ್ರತಿಕಾಯ ಔಷಧಗಳನ್ನು ಜೀವಕೋಶಗಳ ಮೂಲಕ ತಯಾರಿಸಲಾಗುತ್ತದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2006ರಲ್ಲಿ ನಿಮೊಟುಜುಮ್ಯಾಬ್, 2014ರಲ್ಲಿ ಟ್ರಾಸ್ಟುಜುಮ್ಯಾಬ್ ಔಷಧಗಳನ್ನು ಭಾರತದ ಮಾರುಕಟ್ಟೆಗೆ ತಂದಿತು. ಈ ಉದ್ಯಮದ ತಯಾರಿಕಾ ವೆಚ್ಚದಲ್ಲಿ ಶುದ್ಧೀಕರಣದ ಪಾಲು ದೊಡ್ಡದು.

ಮೊದಲ ಹಂತದಲ್ಲಿ ‘ಪ್ರೋಟೀನ್ ಎ’ ಅಂಟಿಸಿದ ರಾಳದ ಸೂಕ್ಷ್ಮ ಮಣಿಗಳ ಸ್ತಂಭವನ್ನು ಬಳಸುವುದು ರೂಢಿ. ಪ್ರತಿಕಾಯವು ಮಣಿಗಳ ರಂಧ್ರಗಳೊಳಗೆ ನಿಧಾನವಾಗಿ ಇಳಿಯಬೇಕಾದುದರಿಂದ ಪ್ರತಿ ಸುತ್ತಿಗೂ ಗಂಟೆಗಳು ಬೇಕು. ರಾಳದ ಬೆಲೆ ಲೀಟರಿಗೆ ಹಲವು ಸಾವಿರ ಡಾಲರ್. ಹತ್ತಾರು ಸುತ್ತು ಬಳಸಿದರಷ್ಟೇ ಅದು ಗಿಟ್ಟುತ್ತದೆ. ವರ್ಷಕ್ಕೆ ಕೆಲವೇ ಬ್ಯಾಚ್ ತಯಾರಿಸುವ ಘಟಕಕ್ಕೆ ಅದು ಸುಮ್ಮನೆ ಕುಳಿತ ಬಂಡವಾಳವೇ ಸರಿ.

ಮೆಂಬ್ರೇನ್‌ನಲ್ಲಿ, ಅಂದರೆ ರಂಧ್ರಯುಕ್ತ ಪೊರೆಯಲ್ಲಿ, ದ್ರವವು ರಂಧ್ರಗಳ ಮೂಲಕವೇ ಹರಿಯುತ್ತದೆ. ಸಂಪರ್ಕದ ಅವಧಿ ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಯುತ್ತದೆ. ಚಿಕ್ಕ ಪೊರೆಯೊಂದನ್ನೇ ಒಂದು ಬ್ಯಾಚಿನಲ್ಲಿ ಹಲವು ಸುತ್ತು ಬಳಸಿ ತೆಗೆದುಹಾಕಬಹುದು. ಸ್ತಂಭವನ್ನು ತುಂಬುವ, ಕಾಪಿಡುವ ಕೆಲಸ ತಪ್ಪುತ್ತದೆ. ಮುಂದಿನ ಹಂತಗಳಲ್ಲಿ ಡಿಎನ್ಎ ಹಿಡಿಯುವ ಪೊರೆ, ಸುಮಾರು 20 ನ್ಯಾನೊಮೀಟರ್ ರಂಧ್ರದ ವೈರಸ್ ಶೋಧಕ ಈಗಾಗಲೇ ಬಳಕೆಯಲ್ಲಿವೆ.

ಆದರೆ ಮಿತಿಗಳೂ ಉಂಟು. ದ್ರವವನ್ನು ಮೊದಲೇ ಚೆನ್ನಾಗಿ ಸೋಸದಿದ್ದರೆ ಪೊರೆ ಕಟ್ಟಿಕೊಳ್ಳುತ್ತದೆ. ವರ್ಷವಿಡೀ ಒಂದೇ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವವರಿಗೆ ರಾಳವೇ ಅಗ್ಗವಾಗಬಹುದು. ಆದುದರಿಂದ ಖರೀದಿಯ ಬೆಲೆಗಿಂತ ಪ್ರತಿ ಗ್ರಾಂ ಔಷಧಕ್ಕೆ ತಗಲುವ ವೆಚ್ಚವನ್ನು ಲೆಕ್ಕ ಹಾಕುವುದು ಸೂಕ್ತ.

ಒಮ್ಮೆ ಬಳಸಿ ಬಿಡುವ ಈ ಪದ್ಧತಿಗೆ ಪ್ಲಾಸ್ಟಿಕ್ ಕವಚ, ಸಿಲಿಕೋನ್ ಕೊಳವೆ, ಜೋಡಣೆಗಳು ಬೇಕು. ಸಣ್ಣ ತಯಾರಕರಿಗೆ ಇಲ್ಲಿ ಅವಕಾಶವಿದೆ. ಆದರೆ ಆ ವಸ್ತುವಿನಿಂದ ಔಷಧಕ್ಕೆ ಏನೇನು ಸೋರಬಹುದೆಂಬ ಪರೀಕ್ಷಾ ದಾಖಲೆಯಿಲ್ಲದೆ ಯಾವ ಔಷಧ ಕಂಪನಿಯೂ ಖರೀದಿಗೆ ಮುಂದಾಗದೆಂಬುದನ್ನು ಉದ್ಯಮಿಗಳು ಮರೆಯಬಾರದು.