ಸ್ಪಿವಾಕ್ ಓದೋಕೆ ಕೂತ್ರಾ? ಪೆನ್ಸಿಲ್ ತಗೊಳ್ಳಿ

ಮೈಕಲ್ ಸ್ಪಿವಾಕ್ ಬರೆದ ‘ಕ್ಯಾಲ್ಕುಲಸ್’, 1967ರ ಪುಸ್ತಕ. ತೆರೆದ ಕೂಡಲೇ ಡಿರಿವೇಟಿವ್ ಸಿಗುತ್ತೆ ಅಂದ್ಕೊಂಡ್ರಾ? ಅದು ಬರೋದು 9ನೇ ಅಧ್ಯಾಯಕ್ಕೆ!

ಮೊದಲನೇ ಅಧ್ಯಾಯದಲ್ಲಿ ಬರೀ ಸಂಖ್ಯೆಗಳ 12 ಗುಣಗಳು. ಮೈನಸ್ ಇಂಟು ಮೈನಸ್ ಪ್ಲಸ್ ಅಂತ ಶಾಲೆಯಲ್ಲಿ ಉರು ಹೊಡೆದಿದ್ವಲ್ಲ, ಅದು ಯಾಕೆ ಅಂತ ಇಲ್ಲಿ ಸಾಧಿಸಬೇಕು.

ನೋಡಿ: 3ಕ್ಕೆ ಮೈನಸ್ 3 ಕೂಡಿಸಿದ್ರೆ ಸೊನ್ನೆ. ಅದನ್ನ ಮೈನಸ್ 2ರಿಂದ ಗುಣಿಸಿದ್ರೂ ಸೊನ್ನೆನೇ. ಈಗ ಬಿಡಿಸಿ ಗುಣಿಸಿ. ಮೊದಲ ತುಂಡು ಮೈನಸ್ 6. ಒಟ್ಟು ಸೊನ್ನೆ ಆಗಬೇಕಾದ್ರೆ ಎರಡನೇ ತುಂಡು, ಅಂದ್ರೆ ಮೈನಸ್ 2 ಇಂಟು ಮೈನಸ್ 3, ಪ್ಲಸ್ 6 ಆಗಲೇಬೇಕು. ಬೇರೆ ದಾರಿನೇ ಇಲ್ಲ!

5ನೇ ಅಧ್ಯಾಯದ ಲಿಮಿಟ್? ಅಲ್ಲಿ ಎಪ್ಸಿಲಾನ್, ಡೆಲ್ಟಾ ಸೇರಿ ಬೆವರಿಳಿಸ್ತಾವೆ. ಲೆಕ್ಕ ಕೂರಲಿಲ್ವಾ? ಉತ್ತರ ನೋಡಬೇಡಿ. ಪುಸ್ತಕ ಮುಚ್ಚಿ, ಮಲಗಿ, ಬೆಳಿಗ್ಗೆ ಖಾಲಿ ಹಾಳೆಯಲ್ಲಿ ಮತ್ತೆ ಶುರು ಮಾಡಿ.