ರೋಬೊ ತಯಾರಿಸುವ ಆಸೆ: ಯಾವ ಎಂಜಿನಿಯರಿಂಗ್ ಶಾಖೆ ಸೂಕ್ತ?

2023ರ ಆಗಸ್ಟ್ 27. ಚಂದ್ರನ ನೆಲದ ಮೇಲೆ ಸಾಗುತ್ತಿದ್ದ ಇಸ್ರೊದ ‘ಪ್ರಜ್ಞಾನ್’ ರೋವರ್‌ಗೆ 3 ಮೀಟರ್ ಮುಂದೆ 4 ಮೀಟರ್ ವ್ಯಾಸದ ಕುಳಿಯೊಂದು ಎದುರಾಯಿತು. ಕೂಡಲೇ ಭೂಮಿಯಿಂದ ಆದೇಶ ಹೋಯಿತು. 26 ಕೆ.ಜಿ. ತೂಕದ, ಆರು ಚಕ್ರಗಳ ಆ ರೋಬೊ ಬಂದ ದಾರಿಯಲ್ಲೇ ಹಿಂದಿರುಗಿ ಹೊಸ ಹಾದಿ ಹಿಡಿಯಿತು.

ಪ್ರತಿ ವರ್ಷ ಸಿಇಟಿ ಫಲಿತಾಂಶ ಬಂದು ಕಾಲೇಜು ಹಾಗೂ ಶಾಖೆಗಳ ಆದ್ಯತೆ ನಮೂದಿಸುವ ಹೊತ್ತಿಗೆ ‘ರೋಬೊಟಿಕ್ಸ್‌ಗೆ ಯಾವ ಶಾಖೆ ಸೇರಬೇಕು?’ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಏಳುತ್ತದೆ. ನಾಲ್ಕು ವರ್ಷಗಳ ಓದು ಮತ್ತು ಪೋಷಕರ ಉಳಿತಾಯ ಎರಡೂ ಈ ಒಂದು ನಿರ್ಧಾರವನ್ನು ಅವಲಂಬಿಸಿರುತ್ತವೆ. ರೋಬೊ ಯಾವುದೇ ಒಂದು ಶಾಖೆಯ ಸೃಷ್ಟಿಯಲ್ಲ ಎಂಬುದನ್ನು ಮೊದಲು ಅರಿಯಬೇಕು. ಪ್ರಜ್ಞಾನ್ ಇದಕ್ಕೆ ಒಳ್ಳೆಯ ನಿದರ್ಶನ.

ದೇಹ: ಸಡಿಲ ಮಣ್ಣಿನಲ್ಲಿ ಹೂತುಹೋಗದ ಚಕ್ರ, ಏರುಪೇರಿನಲ್ಲೂ ಮಗುಚಿಕೊಳ್ಳದ ಚೌಕಟ್ಟು, ಉಡಾವಣೆಯ ಕಂಪನವನ್ನು ತಾಳಿಕೊಳ್ಳುವ ಕೀಲುಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ವ್ಯಾಪ್ತಿಗೆ ಸೇರುತ್ತವೆ. ಚಂದ್ರಯಾನ-3ರ ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್ ಓದಿದ್ದೂ ಇದೇ ಶಾಖೆಯಲ್ಲಿ. ಕಾರ್ಖಾನೆಗಳಲ್ಲಿ ಬೆಸುಗೆ ಹಾಕುವ ರೋಬೊ ತೋಳುಗಳ ವಿನ್ಯಾಸಕ್ಕೂ ಈ ಜ್ಞಾನವೇ ಆಧಾರ.

ನರಮಂಡಲ: ಸೌರಫಲಕದಿಂದ ವಿದ್ಯುತ್ ಪಡೆಯುವುದು, ಮೋಟಾರುಗಳನ್ನು ಅಳತೆ ಮೀರದಂತೆ ತಿರುಗಿಸುವುದು, ಸಂವೇದಕಗಳಿಂದ ಮಾಹಿತಿ ಸಂಗ್ರಹಿಸಿ ‘ವಿಕ್ರಮ್’ ಲ್ಯಾಂಡರ್‌ಗೆ ತಲುಪಿಸುವುದು ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಶಾಖೆಗಳ ಹೊಣೆ. ನಿಯಂತ್ರಣ ವ್ಯವಸ್ಥೆ ಎಂಬ ಮುಖ್ಯ ವಿಷಯವನ್ನು ಇಲ್ಲಿ ವಿಶೇಷವಾಗಿ ಬೋಧಿಸಲಾಗುತ್ತದೆ.

ಮಿದುಳು: ಕ್ಯಾಮೆರಾ ಚಿತ್ರಗಳಿಂದ ನೆಲದ ಉಬ್ಬುತಗ್ಗುಗಳನ್ನು ಲೆಕ್ಕ ಹಾಕಿ ಸುರಕ್ಷಿತ ಮಾರ್ಗ ಗುರುತಿಸಲು ತಂತ್ರಾಂಶ ಬೇಕು. ಇದು ಕಂಪ್ಯೂಟರ್ ಸೈನ್ಸ್ ಹಾಗೂ ಕೃತಕ ಬುದ್ಧಿಮತ್ತೆ ಓದಿದವರ ಕ್ಷೇತ್ರ. ಮನುಷ್ಯರ ಆದೇಶಕ್ಕೆ ಕಾಯದೆ ತಾವೇ ನಿರ್ಧರಿಸಬಲ್ಲ ಯಂತ್ರಗಳು ಹೆಚ್ಚಿದಂತೆ ಈ ಭಾಗದ ಪ್ರಾಮುಖ್ಯವೂ ಹೆಚ್ಚುತ್ತಿದೆ.

ಹಾಗಾದರೆ ‘ರೋಬೊಟಿಕ್ಸ್ ಮತ್ತು ಆಟೊಮೇಷನ್’ ಎಂಬ ಹೆಸರಿನ ಪದವಿ? ಅದು ಮೂರೂ ವಿಭಾಗಗಳ ಪರಿಚಯ ಮಾಡಿಕೊಡುತ್ತದೆ. ಸುಸಜ್ಜಿತ ಪ್ರಯೋಗಾಲಯ ಮತ್ತು ನುರಿತ ಬೋಧಕರಿರುವ ಕಾಲೇಜಿನಲ್ಲಿ ಅದು ಉತ್ತಮ ಆಯ್ಕೆಯೇ. ಆದರೆ ನಾಲ್ಕು ವರ್ಷಗಳಲ್ಲಿ ಮೂರನ್ನೂ ಆಳವಾಗಿ ಕಲಿಯುವುದು ಕಷ್ಟ. ಜತೆಗೆ ಸರ್ಕಾರಿ ನೇಮಕಾತಿಯ ತೊಡಕೂ ಇದೆ. ಇಸ್ರೊದ ವಿಜ್ಞಾನಿ/ಎಂಜಿನಿಯರ್ ಹುದ್ದೆಗಳ ಅಧಿಸೂಚನೆಗಳು ಸಾಮಾನ್ಯವಾಗಿ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್‌ನಂತಹ ಶಾಖೆಗಳನ್ನು ಹೆಸರಿಸಿಯೇ ಅರ್ಜಿ ಆಹ್ವಾನಿಸುತ್ತವೆ. ಗೇಟ್ ಪರೀಕ್ಷೆಯಲ್ಲಿಯೂ ರೋಬೊಟಿಕ್ಸ್‌ಗೆಂದೇ ಪ್ರತ್ಯೇಕ ಪತ್ರಿಕೆ ಇಲ್ಲ. ಆದ್ದರಿಂದ ಸರ್ಕಾರಿ ಸಂಸ್ಥೆಗಳತ್ತ ಒಲವುಳ್ಳವರು ಸೀಟು ಪಡೆಯುವ ಮೊದಲೇ ಹಳೆಯ ಅಧಿಸೂಚನೆಗಳಲ್ಲಿ ಅರ್ಹತೆಯ ಷರತ್ತನ್ನು ಓದಿಕೊಳ್ಳುವುದು ಒಳಿತು.

ಪದವಿಯಲ್ಲಿ ಒಂದು ಮೂಲ ಶಾಖೆಯನ್ನು ಗಟ್ಟಿಯಾಗಿ ಕಲಿತು, ಸ್ನಾತಕೋತ್ತರ ಹಂತದಲ್ಲಿ ರೋಬೊಟಿಕ್ಸ್‌ಗೆ ಬರುವ ದಾರಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೋಬೊಟಿಕ್ಸ್ ಮತ್ತು ಸ್ವಾಯತ್ತ ವ್ಯವಸ್ಥೆಗಳ ಕುರಿತ ಎಂ.ಟೆಕ್. ಇದೆ. ಡಿಆರ್‌ಡಿಒ 1986ರಲ್ಲಿ ಸ್ಥಾಪಿಸಿದ ಕೃತಕ ಬುದ್ಧಿಮತ್ತೆ ಹಾಗೂ ರೋಬೊಟಿಕ್ಸ್ ಕೇಂದ್ರವೂ ಇದೇ ನಗರದಲ್ಲಿದೆ.

ಆಯ್ಕೆ ಹೇಗೆ? ಹಳೆಯ ಬೈಸಿಕಲ್ ಬಿಚ್ಚಿ ಜೋಡಿಸುವುದರಲ್ಲಿ ಸಂತೋಷ ಕಾಣುವವರಿಗೆ ಮೆಕ್ಯಾನಿಕಲ್, ಕೆಟ್ಟ ರೇಡಿಯೊ ಒಳಗೆ ಇಣುಕುವ ಕುತೂಹಲಿಗಳಿಗೆ ಎಲೆಕ್ಟ್ರಾನಿಕ್ಸ್, ಒಗಟು ಬಿಡಿಸುತ್ತ ಹೊತ್ತು ಮರೆಯುವವರಿಗೆ ಕಂಪ್ಯೂಟರ್ ಸೈನ್ಸ್ ಹಿಡಿಸೀತು. ಯಾವ ಶಾಖೆಯಾದರೂ ಗಣಿತದಿಂದ ವಿನಾಯಿತಿ ಇಲ್ಲ. ಮ್ಯಾಟ್ರಿಕ್ಸ್ ಮತ್ತು ಕ್ಯಾಲ್ಕುಲಸ್ ತಿಳಿಯದೆ ರೋಬೊ ತೋಳಿನ ಚಲನೆಯನ್ನು ಲೆಕ್ಕ ಹಾಕಲಾಗದು. ಪ್ರೋಗ್ರಾಮಿಂಗ್ ಸಹ ಎಲ್ಲರಿಗೂ ಅನಿವಾರ್ಯ.

ಉಳಿದ ವಿಷಯಗಳನ್ನು ಎನ್‌ಪಿಟಿಇಎಲ್‌ನ ಪಾಠಗಳಿಂದ ಉಚಿತವಾಗಿ ಕಲಿಯಬಹುದು. ಆರ್ಡುಯಿನೊದಂತಹ ಅಗ್ಗದ ಬೋರ್ಡ್ ಬಳಸಿ ಗೆರೆಯನ್ನು ಹಿಂಬಾಲಿಸುವ ಪುಟ್ಟ ಬಂಡಿಯನ್ನು ಮನೆಯಲ್ಲೇ ತಯಾರಿಸಬಹುದು. ಆ ಬಂಡಿ ದಾರಿ ತಪ್ಪಿದಾಗ ದೋಷ ಚಕ್ರದಲ್ಲಿದೆಯೋ, ತಂತಿಯಲ್ಲಿದೆಯೋ, ಪ್ರೋಗ್ರಾಂನಲ್ಲಿದೆಯೋ ಎಂದು ಹುಡುಕಬೇಕಾಗುತ್ತದೆ. ಆಗ ವಿದ್ಯಾರ್ಥಿ ಮೊದಲು ಕೈ ಹಾಕುವ ಭಾಗವೇ ಆತನಿಗೆ ಒಗ್ಗುವ ಶಾಖೆಯ ಸುಳಿವು ನೀಡಬಲ್ಲದು.